ಹೆಪ್ಪುಗಟ್ಟಬಾರದ ಕಿತ್ತಳೆ ಬಣ್ಣ

"ಖಾಲಿ ಟ್ಯೂಬ್ ಎಲ್ಲಿ?"

ಅವನು ಅವಳೊಡನೆ ಆಡಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಹೆಸರು ಕೇಳಲಿಲ್ಲ, ತಲೆ ಕೂಡ ಎತ್ತಲಿಲ್ಲ!

ಟ್ಯೂಬುಗಳ ಸ್ಟ್ಯಾಂಡ್ ಹಿಡಿದುಕೊಂಡು ಕಮ್ಶಾತ್ ಬಾಗಿಲಲ್ಲೇ ನಿಂತುಬಿಟ್ಟಳು. ಅಲ್ಮಾಟಿಯ ಆ ಹಳೆಯ ಸಂಶೋಧನಾಲಯದಲ್ಲಿ ಅವಳದು ನಾಲ್ಕನೇ ವರ್ಷ. ಈ ಮನುಷ್ಯ ಬಂದು ಒಂದು ವಾರವೂ ಆಗಿರಲಿಲ್ಲ. ಹೆಸರು ದಾರ್ಮೆನ್, ಊರು ಕರಗಂಡಿ, ಕೆಲಸ ಹೊಸ ಯಂತ್ರ ನೋಡಿಕೊಳ್ಳುವುದು. ಅಷ್ಟು ಅವಳಿಗೆ ಗೊತ್ತಿತ್ತು. ಇಷ್ಟು ಒರಟ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

"ಯಾವ ಖಾಲಿ ಟ್ಯೂಬ್?" ಎಂದಳು, ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ.

"ಕತ್ತಲಾಗಿರಬೇಕಾದ ಟ್ಯೂಬ್. ಅದಿಲ್ದೆ ನಾನು ಯಂತ್ರ ಶುರು ಮಾಡಲ್ಲ."

ಕಡ್ಡಿ ಮುರಿದಂತೆ ಹೇಳಿದ. ಹೇಳಿ ಮತ್ತೆ ಪರದೆ ನೋಡತೊಡಗಿದ.

ಆ ಯಂತ್ರದ ಕೆಲಸ ಹೇಳುವುದಕ್ಕೆ ಸುಲಭ. ರಕ್ತದ ಕೋಶಗಳನ್ನು ಒಂದರ ಹಿಂದೊಂದು ಲೇಸರ್ ಬೆಳಕಿನ ಮುಂದೆ ಹಾಯಿಸುತ್ತದೆ, ದೊಡ್ಡಿಯ ಕಿರುಬಾಗಿಲಲ್ಲಿ ನಿಂತು ಕುರಿ ಎಣಿಸಿದ ಹಾಗೆ. ನಾವು ಹುಡುಕುವ ಪ್ರೋಟೀನ್ ಆ ಕೋಶದ ಮೈಮೇಲಿದ್ದರೆ ಒಂದು ಪ್ರತಿಕಾಯ, ಅಂದರೆ ಆಂಟಿಬಾಡಿ, ಹೋಗಿ ಅದನ್ನು ಹಿಡಿದುಕೊಳ್ಳುತ್ತದೆ. ಬಣ್ಣ ಕಟ್ಟಿದ ಇನ್ನೊಂದು ಪ್ರತಿಕಾಯ ಆ ಮೊದಲನೆಯದನ್ನು ಹಿಡಿಯುತ್ತದೆ. ಬೆಳಕು ಬಿದ್ದೊಡನೆ ಹೊಳೆಯುತ್ತದೆ. ಮೊದಲನೆಯದನ್ನು ಹಾಕದೆ ಬರೀ ಬಣ್ಣದ್ದನ್ನು ಹಾಕಿದರೆ ಏನೂ ಹೊಳೆಯಬಾರದು. ಅದೇ ಖಾಲಿ ಟ್ಯೂಬ್.

ಕಮ್ಶಾತ್ ಮೊದಮೊದಲು ಅದನ್ನು ತಪ್ಪದೆ ಇಡುತ್ತಿದ್ದಳು. ಒಮ್ಮೆ ರಕ್ತ ಸಾಲದೆ ಬಿಟ್ಟಳು. ಆಮೇಲೆ ಬಿಟ್ಟದ್ದೇ ರೂಢಿಯಾಯಿತು. ಹೇಗೂ ಹೊಳೆಯುತ್ತಿದೆಯಲ್ಲ!

ಅವಳು ಹುಡುಕುತ್ತಿದ್ದದ್ದು ಕುರಿ-ಹಸು ಸಾಕುವವರಿಗೆ ಅಂಟುವ ಜ್ವರದ ಸುಳಿವು. ಜ್ವರ ಬಿಟ್ಟುಹೋದ ಮೇಲೂ ಕೆಲವರ ಬಿಳಿರಕ್ತಕೋಶಗಳ ಮೇಲೆ ಒಂದು ಪ್ರೋಟೀನ್ ಉಳಿದಿರುತ್ತದೆ, ಅಂಥವರಿಗೇ ಅದು ಮರುಕಳಿಸುತ್ತದೆ ಎಂಬುದು ಅವಳ ಊಹೆ. ಒಂದು ವರ್ಷದಿಂದ ಅವಳ ಟ್ಯೂಬುಗಳೆಲ್ಲ ಹೌದು ಹೌದು ಎಂದು ಹೊಳೆಯುತ್ತಲೇ ಇದ್ದವು. ಪ್ರಬಂಧ ಅರ್ಧ ಬರೆದಾಗಿತ್ತು.

ಸಿಟ್ಟಿನಲ್ಲಿ ವಾಪಸು ಹೋಗಿ ಖಾಲಿ ಟ್ಯೂಬ್ ಮಾಡಿಕೊಂಡು ಬಂದಳು. 'ಇವನ ಮೂತಿಗೆ ಹಿಡೀತೀನಿ, ನೋಡಲಿ' ಎಂದುಕೊಂಡು ಅವನ ಪಕ್ಕದಲ್ಲೇ ನಿಂತಳು.

ಖಾಲಿ ಟ್ಯೂಬೂ ಹೊಳೆಯಿತು. ಉಳಿದವುಗಳಷ್ಟೇ ಚೆನ್ನಾಗಿ ಹೊಳೆಯಿತು.

ಬಣ್ಣದ ಪ್ರತಿಕಾಯ ಸಿಕ್ಕಸಿಕ್ಕದ್ದಕ್ಕೆಲ್ಲ ಅಂಟಿಕೊಳ್ಳುತ್ತಿತ್ತು. ಒಂದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಕೋಟುಗಳನ್ನು ತೂಗುಹಾಕುವ ಕೋಣೆಗೆ ಹೋಗಿ ಅತ್ತಳು. ಸ್ವಲ್ಪ ಹೊತ್ತಿಗೆ ಅವನೇ ಹಾಲು ಹಾಕಿದ ಟೀ ಹಿಡಿದು ಬಂದ. ಕ್ಷಮಿಸಿ ಎನ್ನಲಿಲ್ಲ, ಪಾಪ ಎನ್ನಲಿಲ್ಲ.

"ನಿಮ್ಮ ಊಹೆ ಸುಳ್ಳು ಅಂತ ನಾನು ಹೇಳ್ಲಿಲ್ಲ," ಎಂದ. "ಈ ಹೊಳಪು ಸುಳ್ಳು ಅಂದೆ. ನಿಜವಾದ ಹೊಳಪು ಹುಡುಕೋಣ."

'ಹುಡುಕೋಣ' ಅಂದನಾ? 'ಹುಡುಕಿ' ಅನ್ನಲಿಲ್ಲವಲ್ಲ…

ಟೀ ನೀರುನೀರಾಗಿತ್ತು. ಆದರೂ ಕುಡಿದಳು.

*

ಪ್ರಬಂಧವನ್ನು ಪೆಟ್ಟಿಗೆಗೆ ಹಾಕಿಸಿದ ಮುಖ್ಯಸ್ಥೆ ಶೋಲ್ಪಾನ್ ಮೇಡಂ, ಎರಡನೆಯದರ ನೆರವಿಲ್ಲದೆ ಬಣ್ಣವನ್ನು ತನಗೇ ಕಟ್ಟಿಕೊಂಡ ಹೊಸ ಪ್ರತಿಕಾಯಕ್ಕೆ ಬೇಡಿಕೆ ಕಳಿಸಿದರು. ಕಡಲ ಪಾಚಿಯಿಂದ ತೆಗೆದ ಕಿತ್ತಳೆ ಬಣ್ಣ ಅದು. ಒಂದು ಕಿರುಬೆರಳಿನಷ್ಟು ಶೀಶೆ. ಹೊರದೇಶದಿಂದ ಬರಬೇಕು, ಸುಂಕದವರ ಕೈ ದಾಟಬೇಕು, ದಾರಿಯುದ್ದಕ್ಕೂ ತಂಪಾಗಿರಬೇಕು. ಎಲೆ ಉದುರುವಾಗ ಬರೆದ ಬೇಡಿಕೆಗೆ ಹಿಮ ಬಿದ್ದ ಮೇಲೆ ಸರಕು ಬಂತು.

ಆ ನಡುವಿನ ತಿಂಗಳುಗಳಲ್ಲಿ ಕಮ್ಶಾತ್ ಮತ್ತು ದಾರ್ಮೆನ್ 'ನೀವು' ಬಿಟ್ಟು 'ನೀನು'ಗೆ ಇಳಿದಿದ್ದರು.

ಅವನು ತನ್ನ ಟೀ ಲೋಟದ ಮೇಲೂ ತಾರೀಕು ಅಂಟಿಸುವವನು. ಆಡಿದರೆ ಒಂದೇ ಮಾತು. ಆದರೆ ಕೇಳಿಸಿಕೊಳ್ಳುವುದರಲ್ಲಿ ಅವನಂಥವರು ಇರಲಿಲ್ಲ. ಅವಳು ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು.

ಅವಳಮ್ಮ ಬಿಬಿಗುಲ್ ದೂರದ ಸರ್ಕಂದ್ ಕಡೆಯ ಹಳ್ಳಿಯಲ್ಲಿದ್ದರು. ಮೂರು ವರ್ಷದ ಹಿಂದೆ ಒಳ್ಳೆಯ ಮನೆತನದ ಸಂಬಂಧವೊಂದು ಬಂದಿತ್ತು. ಕಮ್ಶಾತ್ ಒಲ್ಲೆ ಎಂದಳು. ಅಮ್ಮ ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು! ಆ ವರ್ಷ ಚಳಿಗಾಲಕ್ಕೆಂದು ವಾಡಿಕೆಯಂತೆ ಕುದುರೆ ಕಡಿದಾಗ ನೆಂಟರಿಗೆಲ್ಲ ಅವರವರ ಪಾಲಿನ ಮಾಂಸ ತೆಗೆದಿಟ್ಟರು, ಮಗಳ ಪಾಲು ಕಳಿಸಲಿಲ್ಲ. ಮರುವರ್ಷವೂ ಇಲ್ಲ. ಅದರ ಮರುವರ್ಷವೂ ಇಲ್ಲ. ಪಾಲಿಲ್ಲ ಎಂದರೆ ನೀನು ನಮ್ಮವಳಲ್ಲ ಎಂದ ಹಾಗೆ.

"ಆದ್ರೆ ಎದೆಮಾಂಸ ಮಾತ್ರ ಪ್ರತಿ ವರ್ಷ ತೆಗ್ದಿಡ್ತಾಳೆ," ಎಂದು ಕಮ್ಶಾತ್ ನಗಲು ನೋಡಿದಳು. "ಅಳಿಯನ ಪಾಲು! ಇಲ್ಲದ ಅಳಿಯನಿಗೆ ಉಪ್ಪು ಹಚ್ಚಿ ತೂಗುಹಾಕ್ತಾಳೆ. ವಸಂತ ಬರೋವರೆಗೂ ಕಾದು, ಯಾರೂ ಬರ್ಲಿಲ್ಲ ಅಂತ ನೌರಿಜ್ ಹಬ್ಬದ ಗಂಜಿಗೆ ಹಾಕಿಬಿಡ್ತಾಳೆ. ನನ್ನ ಅಳಿಯಂದಿರನ್ನೆಲ್ಲ ಊರವರು ಕುಡಿದು ಮುಗಿಸಿದ್ರು ಅಂತಾಳಂತೆ."

ದಾರ್ಮೆನ್ ನಕ್ಕ. ಅವನು ನಗುವುದು ಅಪರೂಪ. ಆ ನಗು ನೋಡಿ ಕಮ್ಶಾತ್‌ಗೆ ಎದೆಯಲ್ಲಿ ಏನೋ ಅಲುಗಿದಂತಾಯಿತು. ಬೇಗ ಬೇರೆ ಮಾತು ತೆಗೆದಳು.

ಆ ಡಿಸೆಂಬರಿನಲ್ಲಿ ಅಮ್ಮನ ಫೋನ್ ಬಂತು. ಪಾಲು ತೆಗೆದಿಟ್ಟಿದ್ದೇನೆ, ನಾನೇ ತರುತ್ತೇನೆ, ಶನಿವಾರ ಬಸ್ಸಿಗೆ ಬರುತ್ತೇನೆ. ಅಷ್ಟೇ ಹೇಳಿ ಇಟ್ಟುಬಿಟ್ಟರು. ಕಮ್ಶಾತ್ ಫೋನ್ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅದೇ ವಾರ ಕಿತ್ತಳೆ ಶೀಶೆಯೂ ಬಂದಿತ್ತು. ಸೋಮವಾರ ದೂರದ ಹಳ್ಳಿಗಳಿಂದ ಕುರಿ ಮೇಯಿಸುವವರು ರಕ್ತ ಕೊಡಲು ಬರುವವರಿದ್ದರು.

ಇಷ್ಟೆಲ್ಲ ಒಳ್ಳೆಯದು ಒಂದೇ ವಾರದಲ್ಲಿ ಬರಬಾರದು. ಬಂದರೆ ಹೆದರಿಕೆಯಾಗುತ್ತದೆ.

*

ಮುಂದೆ ನಡೆದದ್ದು ಕಮ್ಶಾತ್‌ಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿರುವುದು ಒಳ್ಳೆಯದು, ಆದ್ದರಿಂದ ಈಗಲೇ ಹೇಳಿಬಿಡೋಣ.

ಶನಿವಾರ ಬಸ್ಸು ಬೇಗ ಬಂತು. ಕಮ್ಶಾತ್ ಸೋಮವಾರದ ಏರ್ಪಾಟಿಗೆಂದು ಆಸ್ಪತ್ರೆಗೆ ಹೋಗಿದ್ದಳು. ಮನೆಯ ಕೀಲಿ ಇಲ್ಲದ ಬಿಬಿಗುಲ್ ದಾರಿ ಕೇಳುತ್ತ ಕೇಳುತ್ತ ಸಂಶೋಧನಾಲಯಕ್ಕೇ ಬಂದರು. ಕೈಯಲ್ಲಿ ಮಾಂಸದ ದೊಡ್ಡ ಚೀಲ. ಅಲ್ಲಿ ಇದ್ದವನು ದಾರ್ಮೆನ್ ಒಬ್ಬನೇ. ಚೀಲ ಇಳಿಸಿಕೊಂಡ, ಕೂರಿಸಿದ, ಟೀ ಕೊಟ್ಟ, ಈಗ ಬಂದೆ ಅಮ್ಮಾ ಎಂದು ಯಂತ್ರದ ಕೋಣೆಗೆ ಹೋದ.

ಬೇರೆ ವರ್ಷವಾದರೆ ಡಿಸೆಂಬರಿನಲ್ಲಿ ಮಾಂಸ ಬಾಗಿಲಾಚೆ ಇಟ್ಟರೆ ಕಲ್ಲಾಗುತ್ತದೆ. ಆ ವಾರ ಮಾತ್ರ ಬಿಸಿಗಾಳಿ ಬೀಸಿ ಹಿಮ ಕರಗುತ್ತಿತ್ತು, ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಚೀಲವೂ ತೊಟ್ಟಿಕ್ಕತೊಡಗಿತು. ಮೂರು ವರ್ಷದ ಮೇಲೆ ಮಗಳಿಗೆ ತಂದ ಪಾಲು, ಕೆಟ್ಟುಹೋಗಬೇಕೇ? ಎದುರಿಗೇ ಫ್ರಿಜ್ಜು. ಬಾಗಿಲು ತೆಗೆದರು, ಮೇಲಿನ ಮಂಜಿನ ಗೂಡು ಖಾಲಿ ಇತ್ತು, ಮಾಂಸ ತುಂಬಿದರು.

ಆಗ ಕಣ್ಣಿಗೆ ಬಿತ್ತು ಕೆಳಗಿನ ಅರೆಯಲ್ಲಿದ್ದ ಪುಟ್ಟ ಡಬ್ಬಿ. ಮೇಲೆ ಮಗಳ ಕೈಬರಹ: ಕಮ್ಶಾತ್.

ಅಯ್ಯೋ, ಇಷ್ಟು ಜೋಪಾನದ ವಸ್ತುವನ್ನು ಅರೆತಂಪಿನಲ್ಲಿ ಇಟ್ಟಿದ್ದಾರಲ್ಲ! ಹುಟ್ಟಿದಾಗಿನಿಂದ ಅವರು ಕಂಡ ಸತ್ಯ ಒಂದೇ: ಹೆಪ್ಪುಗಟ್ಟಿದ್ದು ಕೆಡುವುದಿಲ್ಲ. ಡಬ್ಬಿಯನ್ನು ತೆಗೆದು, ತಲೆವಸ್ತ್ರದ ತುದಿಯಿಂದ ಒರೆಸಿ, ಗೂಡಿನ ಒಳತುದಿಗೆ ನೂಕಿದರು. ಮಗಳಿಗೆ ಒಂದು ಉಪಕಾರ ಮಾಡಿದ ಸಮಾಧಾನದಲ್ಲಿ ಟೀ ಮುಗಿಸಿದರು.

ದಾರ್ಮೆನ್ ವಾಪಸು ಬಂದು ಫ್ರಿಜ್ಜಿನಲ್ಲಿ ಕುದುರೆ ಮಾಂಸ ಕಂಡು ಗಾಬರಿಯಾದ. ಇಲ್ಲಿ ತಿನ್ನುವ ಪದಾರ್ಥ ಇಡಬಾರದಮ್ಮಾ ಎಂದು ಮೆಲ್ಲಗೆ ಹೇಳಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಟ್ಟ. ಒಳತುದಿಯ ಡಬ್ಬಿ ಅವನಿಗೆ ಕಾಣಲಿಲ್ಲ. ಅಷ್ಟರಲ್ಲಿ ಕಮ್ಶಾತ್ ಓಡಿಬಂದಳು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡುತ್ತ ನಿಂತದ್ದನ್ನು ನೋಡಬಾರದೆಂದು ಅವನು ಕಿಟಕಿಯ ಕಡೆ ತಿರುಗಿಕೊಂಡ.

ಸೋಮವಾರ ಬೆಳಗ್ಗೆ ಮೊದಲು ಬಂದವನು ಅವನೇ. ಕೆಳಗಿನ ಅರೆ ಖಾಲಿ. ಹುಡುಕಿ ಹುಡುಕಿ ಮಂಜಿನ ಗೂಡಿಗೆ ಕೈ ಹಾಕಿದ. ಡಬ್ಬಿ ಸಿಕ್ಕಿತು. ಒಳಗಿನ ಶೀಶೆ ಗಟ್ಟಿಯಾಗಿತ್ತು.

ಆ ಕಿತ್ತಳೆ ಬಣ್ಣ ತಂಪಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಒಮ್ಮೆ ಹೆಪ್ಪುಗಟ್ಟಿತೋ, ಒಡೆದುಹೋಗುತ್ತದೆ. ಕರಗಿಸಿದರೂ ಮತ್ತೆ ಹೊಳೆಯುವುದಿಲ್ಲ.

ಯಾರು ಇಟ್ಟದ್ದೆಂದು ಅವನಿಗೆ ಆ ಕ್ಷಣವೇ ತಿಳಿಯಿತು.

ಕಮ್ಶಾತ್ ಬಂದಳು. ಕೈಯಲ್ಲಿ ಆಗಷ್ಟೇ ತೆಗೆದ ರಕ್ತದ ಟ್ಯೂಬುಗಳು, ಮುಖದ ತುಂಬ ನಗು. ಕೋಟು ಬಿಚ್ಚುತ್ತಲೇ ಹೇಳತೊಡಗಿದಳು. ಅಮ್ಮ ರಾತ್ರಿ ತನ್ನ ಪಕ್ಕದಲ್ಲೇ ಮಲಗಿದರಂತೆ. ತಲೆ ಬಾಚಿದರಂತೆ. ನಿನ್ನ ಕೆಲಸ ನನಗೆ ಅರ್ಥವಾಗುವುದಿಲ್ಲ, ಆದರೆ ನಿನ್ನ ಜಾಗ ನೋಡಿದೆ, ಚೊಕ್ಕವಾಗಿದೆ ಎಂದರಂತೆ. ಇವತ್ತು ಬೆಳಗ್ಗೆ ಬಸ್ಸು ಹತ್ತುವಾಗ ಹಣೆಗೆ ಮುತ್ತಿಟ್ಟರಂತೆ.

"ಮೂರು ವರ್ಷ ಆಗಿತ್ತು ದಾರ್ಮೆನ್, ಅವಳು ನನ್ನ ಮುಟ್ಟಿ…" ಎಂದು ಕಣ್ಣೊರೆಸಿಕೊಂಡಳು. "ಇರ್ಲಿ ಬಿಡು. ಎಲ್ಲಿ, ಡಬ್ಬಿ ಕೊಡು."

ಅವನು ಡಬ್ಬಿ ಹಿಡಿದುಕೊಂಡೇ ನಿಂತಿದ್ದ.

"ಕೆಟ್ಟುಹೋಗಿದೆ," ಎಂದ. "ಶನಿವಾರ ನಾನೇ ಮೇಲಿನ ಗೂಡಲ್ಲಿಟ್ಟೆ. ಮರೆತು."

ಸುಳ್ಳು ಹೊಳಪನ್ನು ತನ್ನ ಯಂತ್ರದಿಂದ ಆಚೆ ಬಿಡದ ಮನುಷ್ಯ, ಕಣ್ಣು ಮಿಟುಕಿಸದೆ ಹೇಳಿದ ಸುಳ್ಳು ಇದು.

*

ಕಮ್ಶಾತ್ ಕೂಗಾಡಲಿಲ್ಲ. ಅಮ್ಮನ ಮಗಳಲ್ಲವೇ!

ಬಣ್ಣ ಹಾಕಿ ನೋಡಿದಳು. ಪರದೆ ಪೂರ್ತಿ ಕತ್ತಲು. ಬೆಳಗಿನ ಜಾವಕ್ಕೆ ಮನೆ ಬಿಟ್ಟು ಬಂದ ಕುರಿಗಾಹಿಗಳು ಕೆಳಗೆ ಬೆಂಚಿನ ಮೇಲೆ ಇನ್ನೂ ಕೂತಿದ್ದರು. ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದ ಮುದುಕನೊಬ್ಬ, ನಮ್ಮ ರಕ್ತದಲ್ಲಿ ಏನಿದೆ ಮಗಳೇ ಎಂದು ಕೇಳಿದ. ಇನ್ನೊಮ್ಮೆ ಬರಬೇಕಾಗುತ್ತದೆ ತಾತಾ ಎಂದಳು. ಜೀವಂತ ಕೋಶಗಳು ಕಾಯುವುದಿಲ್ಲ. ಸಂಜೆಯ ಹೊತ್ತಿಗೆ ಎಲ್ಲವನ್ನೂ ಚೆಲ್ಲಿದಳು.

ಎಲ್ಲ ಮುಗಿದ ಮೇಲೆ ಯಂತ್ರದ ಕೋಣೆಗೆ ಬಂದು ಒಂದೇ ಮಾತು ಹೇಳಿದಳು.

"ನೀವು ನನಗೆ ಖಾಲಿ ಟ್ಯೂಬಿನ ಪಾಠ ಹೇಳಿದವರು. ಬೇರೆ ಯಾರಾದ್ರೂ ಮಾಡಿದ್ರೆ ಕ್ಷಮಿಸ್ತಿದ್ದೆ."

'ನೀನು' ಹೋಗಿ 'ನೀವು' ಬಂದದ್ದು ಅವನಿಗೆ ನಾಟಿತು. ತಲೆ ತಗ್ಗಿಸಿದ. ಹೇಳುವುದಕ್ಕೆ ಏನಿತ್ತು? ನಿಮ್ಮಮ್ಮ ಮಾಡಿದ್ದು ಎಂದರೆ ಅವನ ತಲೆ ಮೇಲಿನ ಭಾರ ಇಳಿಯುತ್ತಿತ್ತು. ಸುದ್ದಿ ಹೇಗೋ ಸರ್ಕಂದ್ ತಲುಪುತ್ತಿತ್ತು. ಪಾಲು ತಂದ ಕೈಯಿಂದಲೇ ಮಗಳ ಕೆಲಸ ಹಾಳಾಯಿತೆಂದು ತಿಳಿದ ತಾಯಿ ಇನ್ನೊಮ್ಮೆ ಆ ಹೊಸಿಲು ತುಳಿಯುತ್ತಿದ್ದರೇ? ಮೂರು ವರ್ಷದ ಮೇಲೆ ಕರಗಿದ್ದು ಮತ್ತೆ ಕಲ್ಲಾಗುತ್ತಿತ್ತು. ಬೈಗುಳವನ್ನು ಹೊಟ್ಟೆಗೆ ಹಾಕಿಕೊಂಡ.

ಶೋಲ್ಪಾನ್ ಮೇಡಂ ಕೂಡ ಹೆಚ್ಚು ಮಾತಾಡಲಿಲ್ಲ. ಮಾರ್ಚಿಗೆ ಮುಗಿಯುವ ಅವನ ಕರಾರನ್ನು ಮುಂದುವರಿಸುವುದಿಲ್ಲ ಎಂದಷ್ಟೇ ತಿಳಿಸಿದರು.

ಜನವರಿಯಲ್ಲಿ ಅವನು ರಜೆ ಹಾಕಿ ಕರಗಂಡಿಗೆ ಹೋಗಿಬಂದ. ಬಂದವನು ಕೋಟು ಬಿಚ್ಚಿ, ಒಳಜೇಬಿನಿಂದ ಉಣ್ಣೆಯ ಪುಟ್ಟ ಚೀಲವೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಅರ್ಧ ಶೀಶೆ ಕಿತ್ತಳೆ ಬಣ್ಣದ ಪ್ರತಿಕಾಯ. ಅಲ್ಲಿನ ಹಳೆಯ ಗೆಳೆಯರ ಪ್ರಯೋಗಾಲಯದಿಂದ ಬೇಡಿ ತಂದದ್ದಂತೆ. ಕರಗಂಡಿಯಲ್ಲಿ ಆಗ ಉಗುಳಿದರೆ ನೆಲ ಮುಟ್ಟುವ ಮೊದಲೇ ಮಂಜಾಗುವ ಚಳಿ. ಪೆಟ್ಟಿಗೆಯಲ್ಲಿಟ್ಟರೆ ಹೆಪ್ಪುಗಟ್ಟುತ್ತದೆ, ಮೈಗೆ ಒತ್ತಿಕೊಂಡರೆ ಬೆಚ್ಚಗಾಗುತ್ತದೆ. ರೈಲಿನಲ್ಲಿ ನಿದ್ದೆ ಮಾಡದೆ, ಒಮ್ಮೆ ಕೋಟಿನೊಳಗೆ ಒಮ್ಮೆ ಕಿಟಕಿಯ ಹತ್ತಿರ ಇಟ್ಟು ತಂದೆ ಎಂದು ಮೇಡಂಗೆ ಹೇಳುತ್ತಿದ್ದ.

ಕಮ್ಶಾತ್ ಚೀಲ ಎತ್ತಿಕೊಂಡಳು.

"ಕೊನೆಗೂ ಕಲಿತ್ರಲ್ಲ, ಎಲ್ಲಿಡಬೇಕು ಅಂತ," ಎಂದಳು.

ಆಡಿದ ಮೇಲೆ ನಾಲಿಗೆ ಕಹಿಯಾಯಿತು. ಆದರೂ ಒಂದು ಧನ್ಯವಾದ ಬಾಯಿಂದ ಹೊರಡಲಿಲ್ಲ.

ಕುರಿಗಾಹಿಗಳನ್ನು ಮತ್ತೆ ಕರೆಸಿದರು. ಈ ಸಲ ಖಾಲಿ ಟ್ಯೂಬ್ ಮೊದಲು: ಅದೇ ಬಣ್ಣ, ಆದರೆ ಏನನ್ನೂ ಹಿಡಿಯದ ಪ್ರತಿಕಾಯ. ಅದು ಕತ್ತಲಾಗಿಯೇ ಇತ್ತು. ಆಮೇಲೆ ಜ್ವರ ಬಂದು ಹೋದವರ ರಕ್ತ. ಕೆಲವರದು ಕತ್ತಲು. ಕೆಲವರದರಲ್ಲಿ, ಪರದೆಯ ಮೂಲೆಯಲ್ಲಿ, ಕಿತ್ತಳೆ ಚುಕ್ಕಿಗಳ ಒಂದು ಸಣ್ಣ ಮಂದೆ ಬೇರೆಯೇ ಆಗಿ ನಿಂತಿತು!

ನಿಜವಾದ ಹೊಳಪು ಅದು. ಸುಳ್ಳು ಹೊಳಪಿನಷ್ಟು ಜೋರಾಗಿರಲಿಲ್ಲ.

ಕಮ್ಶಾತ್ ಥಟ್ಟನೆ ಅವನ ಕಡೆ ತಿರುಗಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಒಂದು ಗಳಿಗೆ ಎಲ್ಲವೂ ಮರೆತುಹೋಗಿತ್ತು… ಆಮೇಲೆ ನೆನಪಾಯಿತು. ಮುಖ ತಿರುಗಿಸಿಕೊಂಡಳು.

'ಇವನ ಮೇಲೆ ಯಾಕಿಷ್ಟು ಸಿಟ್ಟು ನನಗೆ?' ಮನೆಗೆ ಹೋಗುವ ಬಸ್ಸಿನಲ್ಲಿ ತನ್ನನ್ನೇ ಕೇಳಿಕೊಂಡಳು. ಶೀಶೆ ಬಂತು, ಫಲಿತಾಂಶ ಬಂತು. ಇನ್ನೂ ಏನು ಉಳಿದಿದೆ? ಉತ್ತರ ಗೊತ್ತಿತ್ತು. ಪ್ರಪಂಚದಲ್ಲಿ ಒಬ್ಬನನ್ನಾದರೂ ಕಣ್ಣು ಮುಚ್ಚಿ ನಂಬಬಹುದು ಎಂದುಕೊಂಡಿದ್ದಳು, ಆ ಒಬ್ಬನೇ ಕೈಬಿಟ್ಟಿದ್ದ. ಅವನನ್ನು ಪ್ರೀತಿಸದೇ ಇದ್ದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಾರ್ಚ್ ಬಂತು. ಹಬ್ಬ ಕಳೆದ ಮೇಲೆ ಅವನು ಹೊರಡುತ್ತಾನೆ, ಟಿಕೇಟೂ ಆಗಿದೆ ಎಂದು ಯಾರೋ ಹೇಳಿದರು. ಹೋಗಲಿ ಎಂದುಕೊಂಡಳು. ಎಂದುಕೊಂಡು ಆ ದಿನವೆಲ್ಲ ಒಂದು ಕೆಲಸವನ್ನೂ ಸರಿಯಾಗಿ ಮಾಡಲಿಲ್ಲ.

*

ನೌರಿಜ್ ಹಬ್ಬಕ್ಕೆ ಕಮ್ಶಾತ್ ಮೂರು ವರ್ಷದ ಮೇಲೆ ಊರಿಗೆ ಬಂದಳು.

ಅಂಗಳದಲ್ಲಿ ಹಂಡೆ ಏರಿತ್ತು. ಚಳಿಗಾಲದ ಉಳಿದ ಮಾಂಸ, ಗೋಧಿ, ಹುಳಿ ಹಾಲು, ಎಲ್ಲ ಸೇರಿ ಕುದಿಯುವ ಗಂಜಿ. ಹೊಸ ವರ್ಷದ ಹಂಡೆಗೆ ಹಳೆಯ ವರ್ಷದ್ದು ಏನೂ ಉಳಿಯದಂತೆ ಹಾಕಿಬಿಡಬೇಕು. ಬಿಬಿಗುಲ್ ಸೌಟು ತಿರುವುತ್ತ, ನೆರೆಯವರ ಬಗ್ಗೆ, ಕರು ಹಾಕಿದ ಹಸುವಿನ ಬಗ್ಗೆ, ತಮ್ಮ ಮಂಡಿ ನೋವಿನ ಬಗ್ಗೆ ಹೇಳುತ್ತಿದ್ದರು. ನಡುವೆ ಏನೋ ನೆನಪಾದವರಂತೆ ನಿಂತರು.

"ಕೇಳ್ಬೇಕು ಅಂತಿದ್ದೆ ಕಣೇ, ಮರ್ತೇ ಹೋಗ್ತಿತ್ತು. ನಿನ್ನ ಔಷಧಿ ಡಬ್ಬಿ ಕೆಡದೆ ಉಳೀತಾ?"

"ಯಾವ ಡಬ್ಬಿ ಅಮ್ಮಾ?"

"ಅದೇ, ನಿನ್ನ ಹೆಸ್ರು ಬರ್ದಿತ್ತಲ್ಲ, ಇಷ್ಟಗಲದ್ದು. ಯಾರೋ ಕೆಳಗೆ ಇಟ್ಬಿಟ್ಟಿದ್ರು. ನಾನೇ ಎತ್ತಿ ಮೇಲೆ ಮಂಜಲ್ಲಿ ಇಟ್ಟು ಬಂದೆ. ಆ ಹುಡುಗ ಒಳಗೆ ಯಂತ್ರದ ಹತ್ರ ಇದ್ದ, ಆಮೇಲೆ ನೀನು ಬಂದ್ಬಿಟ್ಟೆ, ಅವ್ನಿಗೆ ಹೇಳೋದೇ ಮರ್ತೆ."

ಹಂಡೆಯ ಹಬೆ ಕಮ್ಶಾತ್ ಮುಖಕ್ಕೆ ಬಡಿಯುತ್ತಿತ್ತು. 'ನಾನೇ ಇಟ್ಟೆ. ಮರೆತು.' ಟೀ ಲೋಟಕ್ಕೂ ತಾರೀಕು ಅಂಟಿಸುವವನು ಮರೆತನಂತೆ! ಅವಳು ನಂಬಿದಳು. ಒಂದು ಪ್ರಶ್ನೆ ಕೇಳಲಿಲ್ಲ, ಒಂದು ಸಲ ತಿರುಗಿಸಿ ನೋಡಲಿಲ್ಲ. ಮತ್ತೊಮ್ಮೆ ಖಾಲಿ ಟ್ಯೂಬ್ ಇಡದೆಯೇ ತೀರ್ಮಾನ ಬರೆದುಬಿಟ್ಟಿದ್ದಳು.

ಅಂದು ಬೆಳಗ್ಗೆ ಅವನ ಮುಂದೆ ತಾನೇನು ಹೇಳುತ್ತಿದ್ದೆ ಎಂಬುದು ಈಗ ನೆನಪಾಯಿತು. ಅಮ್ಮ ತಲೆ ಬಾಚಿದಳು, ಅಮ್ಮ ಮುತ್ತಿಟ್ಟಳು… ಅವನು ಡಬ್ಬಿ ಹಿಡಿದುಕೊಂಡು ಕೇಳುತ್ತ ನಿಂತಿದ್ದ.

"ಯಾಕೆ? ನಾನೇನಾದ್ರೂ ತಪ್ಪು ಮಾಡಿದ್ನಾ?" ಬಿಬಿಗುಲ್ ಸೌಟು ಹಿಡಿದುಕೊಂಡೇ ಕೇಳಿದರು. ಕಣ್ಣಲ್ಲಿ ಅಳುಕು ಕಾಣಿಸಿತು.

ಕಮ್ಶಾತ್ ಅಮ್ಮನ ಬಿರುಕುಬಿಟ್ಟ ಕೈಗಳನ್ನು ನೋಡಿದಳು. ಅವನಿಗೆ ಅಂದು ಯಾಕೆ ನಿಜ ಹೇಳಲಾಗಲಿಲ್ಲ ಎಂಬುದು ಆ ಕೈಗಳನ್ನು ನೋಡಿದ ಮೇಲೆ ಪೂರ್ತಿ ತಿಳಿಯಿತು.

"ಇಲ್ಲಮ್ಮಾ," ಎಂದಳು. "ಚೆನ್ನಾಗಿ ಉಳೀತು. ಒಳ್ಳೇದೇ ಆಯ್ತು."

ಬಿಬಿಗುಲ್ ಮುಖ ಅರಳಿತು. ತೊಲೆಗೆ ತೂಗುಹಾಕಿದ್ದ ಕೊನೆಯ ತುಂಡನ್ನು ಬಿಚ್ಚಿಕೊಂಡು ಬಂದರು. ಉಪ್ಪು ಹಚ್ಚಿ ಒಣಗಿಸಿದ ಎದೆಮಾಂಸ. ಪಕ್ಕದ ಮನೆಯಾಕೆ ನಕ್ಕು, ಈ ವರ್ಷದ ಅಳಿಯನೂ ಹಂಡೆಗೇ ಬಂದನಾ ಎಂದಳು. ಬಂದ, ಏನು ಮಾಡುವುದು, ನಮ್ಮ ಹಣೆಬರಹ ಎಂದು ಬಿಬಿಗುಲ್ ಕತ್ತಿ ಎತ್ತಿಕೊಂಡರು.

ಕಮ್ಶಾತ್ ಹೋಗಿ ಅಮ್ಮನ ಮಣಿಕಟ್ಟು ಹಿಡಿದಳು.

"ಅದನ್ನ ಹಾಕ್ಬೇಡ ಅಮ್ಮಾ."

ಬಿಬಿಗುಲ್ ಮಗಳ ಮುಖವನ್ನೇ ನೋಡಿದರು. ಅಲ್ಲಿದ್ದದ್ದನ್ನು ಓದುವುದಕ್ಕೆ ಅವರಿಗೆ ಯಾವ ಯಂತ್ರವೂ ಬೇಕಿರಲಿಲ್ಲ.

"ಯಾರು?" ಎಂದರು ಮೆಲ್ಲಗೆ.

"ನಿಂಗೆ ಟೀ ಕೊಟ್ನಲ್ಲ… ಅವನು."

ಬಿಬಿಗುಲ್ ಕೈಯಲ್ಲಿದ್ದ ಮಾಂಸವನ್ನು ಒಮ್ಮೆ ನೋಡಿದರು.

"ಟೀ ನೀರಾಗಿತ್ತು," ಎಂದರು. "ಆದ್ರೆ ಚೀಲನ ತಾನೇ ಎತ್ಕೊಂಡ. ನಾವಿಬ್ರೂ ನಿಂತಿದ್ದಾಗ ಕಿಟಕಿ ಕಡೆ ತಿರುಗ್ಕೊಂಡ, ನಾನು ನೋಡ್ದೆ." ಕತ್ತಿ ಕೆಳಗಿಟ್ಟು, ಎದೆಮಾಂಸವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದರು. ಗಂಟನ್ನು ಎರಡೆರಡು ಸಲ ಬಿಗಿದರು. "ಬೇಗ ಹೋಗು. ಹಬ್ಬದ ಮೇಲೆ ಬಸ್ಸು ತುಂಬಿರುತ್ತೆ."

*

ಸಂಶೋಧನಾಲಯ ಅರ್ಧ ಖಾಲಿಯಾಗಿತ್ತು, ಹಬ್ಬದ ರಜೆ ಇನ್ನೂ ಮುಗಿದಿರಲಿಲ್ಲ. ಕಮ್ಶಾತ್ ಮೊದಲು ಶೋಲ್ಪಾನ್ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಹೇಳಿ, ಇದು ಈ ನಾಲ್ಕು ಗೋಡೆ ದಾಟಬಾರದು, ಅಮ್ಮನ ಕಿವಿಗೆ ಬೀಳಬಾರದು ಎಂದಳು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ನನಗೂ ಅನುಮಾನವಿತ್ತು, ಆದರೆ ಗಂಡಸರು ತಪ್ಪು ಒಪ್ಪಿಕೊಳ್ಳುವುದೇ ಅಪರೂಪ, ಒಪ್ಪಿಕೊಂಡಾಗ ಯಾರು ಬೇಡ ಅನ್ನುತ್ತಾರೆ ಎಂದರು. ಕರಾರಿನ ಕಾಗದ ಹುಡುಕಲು ಡ್ರಾಯರ್ ಎಳೆದರು. ಕಮ್ಶಾತ್ ಅದಕ್ಕೆ ಕಾಯಲಿಲ್ಲ.

ಯಂತ್ರದ ಕೋಣೆಯಲ್ಲಿ ದಾರ್ಮೆನ್ ಪರದೆಯ ಮುಂದೆ ಕೂತಿದ್ದ. ಪಕ್ಕದಲ್ಲಿ ಕಟ್ಟಿದ ಚೀಲ. ತಾರೀಕು ಅಂಟಿಸಿದ ಲೋಟವನ್ನು ಕಾಗದದಲ್ಲಿ ಸುತ್ತಿಟ್ಟಿದ್ದ. ಮುಂದೆ ಬರುವವನಿಗೆ ತೊಂದರೆಯಾಗದಂತೆ ಯಂತ್ರವನ್ನು ಕೊನೆಯ ಸಲ ತೊಳೆಯುತ್ತಿದ್ದ.

ಕಮ್ಶಾತ್ ಬಾಗಿಲಲ್ಲಿ ನಿಂತಳು.

"ಖಾಲಿ ಟ್ಯೂಬ್ ಎಲ್ಲಿ?"

ಅವನು ತಲೆ ಎತ್ತಿದ. ಅರ್ಥವಾಗಲಿಲ್ಲ.

"ಆ ಶನಿವಾರದ ನಿನ್ನ ಕಥೆಗೆ, ದಾರ್ಮೆನ್. ನಾನು ಕೇಳ್ಬೇಕಿತ್ತು. ಕೇಳ್ಲಿಲ್ಲ." ಅವಳು ಒಳಗೆ ಬಂದಳು. "ಅಮ್ಮ ಹೇಳಿದ್ಲು."

ಅವನು ಕುರ್ಚಿಯಿಂದ ಎದ್ದುಬಿಟ್ಟ. ಮುಖ ಬಿಳಿಚಿಕೊಂಡಿತು. ತನ್ನ ಬಗ್ಗೆ ಒಂದು ಮಾತಿಲ್ಲ, ಮೂರು ತಿಂಗಳ ಬಗ್ಗೆ ಒಂದು ಮಾತಿಲ್ಲ.

"ಅವ್ರಿಗೆ ಗೊತ್ತಾಯ್ತಾ? ಏನಂದ್ರು? ನೊಂದ್ಕೊಂಡ್ರಾ?"

"ಇಲ್ಲ. ಚೆನ್ನಾಗಿ ಉಳೀತು ಅಂದೆ."

ಅವನು ಅವಳನ್ನೇ ನೋಡಿದ.

"ಸುಳ್ಳು ಹೇಳಿದೆ," ಎಂದ ಬೆರಗಾಗಿ.

"ನಿನ್ನ ಹತ್ರ ಕಲ್ತೆ."

ಇಬ್ಬರಿಗೂ ನಗು ಬಂತು, ಅವಳಿಗೆ ಅಳುವೂ ಬಂತು. ಕಣ್ಣೀರಿನ ನಡುವೆಯೇ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಆ ಉಣ್ಣೆಯ ಚೀಲ ತಂದ ದಿನ ಆಡಿದ ಮಾತಿಗೆ ಕ್ಷಮೆ ಕೇಳಿದಳು. ಮೂರು ತಿಂಗಳಿಂದ ಅವನ ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು ಎಂದಳು. ಸಿಟ್ಟು ಎಂದುಕೊಂಡಿದ್ದೆ, ಸಿಟ್ಟಾಗಿರಲಿಲ್ಲ ಎಂದಳು. ಅವನು ಎಂದಿನಂತೆ ಕೇಳಿಸಿಕೊಂಡ.

ಅವಳು ಬಿಳಿ ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟಳು.

"ಇದು ನಿನ್ನೆ ಗಂಜಿ ಹಂಡೆಗೆ ಹೋಗ್ಬೇಕಿತ್ತು. ನಾನೇ ತಡೆದೆ."

ಅವನು ಗಂಟು ಬಿಚ್ಚಿದ. ಒಳಗಿನದನ್ನು ನೋಡಿದ. ಕಿವಿಗಳು ಕೆಂಪಗಾದವು.

"ಇದು ಯಾರ ಪಾಲು ಅಂತ ನಂಗೆ ಗೊತ್ತು ಕಮ್ಶಾತ್."

"ಗೊತ್ತಿದೆ ಅಂತಲೇ ತಂದೆ."

"ರೈಲು ಸಂಜೆಗಿದೆ."

"ಹೋಗ್ತೀಯಾ?"

ಅವನು ಕಾಗದದಲ್ಲಿ ಸುತ್ತಿದ್ದ ಲೋಟವನ್ನು ಬಿಚ್ಚಿ ಮತ್ತೆ ಅದರ ಜಾಗದಲ್ಲಿಟ್ಟ. ಆಮೇಲೆ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಎಲ್ಲಿಡುವುದೆಂದು ತೋಚದೆ ಸುತ್ತ ನೋಡಿದ.

"ಕೆಟ್ಟುಹೋಗುತ್ತೆ," ಎಂದ. "ಮೇಲಿನ ಮಂಜಿನ ಗೂಡು ಖಾಲಿ ಇದೆ… ಅಲ್ಲಿಡ್ಲಾ?"

ಕಮ್ಶಾತ್ ಗಂಟಿನ ಸಮೇತ ಅವನ ಕೈ ಹಿಡಿದುಕೊಂಡಳು.

"ಬೇಡ," ಎಂದಳು. "ಇವತ್ತೇ ಬೇಯಿಸೋಣ."